ಗಂಜಾಂನ ದೊಡ್ಡಸ್ವಾಮಿ, ಹೆಸರಿಲ್ಲದ ದಾಕಿನವರು

ಶ್ರೀರಂಗಪಟ್ಟಣ ನೋಡಲು ಬರುವ ಪ್ರವಾಸಿ ಬಸ್ಸುಗಳು ದರಿಯಾ ದೌಲತ್, ಗುಂಬಜ್, ನಿಮಿಷಾಂಬ ದೇವಸ್ಥಾನ ಮುಗಿಸಿಕೊಂಡು ಮೈಸೂರಿನ ದಾರಿ ಹಿಡಿಯುತ್ತವೆ. ಅಲ್ಲೇ ಗಂಜಾಂನಲ್ಲಿರುವ ಹಳೆಯ ಚರ್ಚಿನ ಕಡೆ ಹೊರಳುವವರು ವಿರಳ. ಟಿಪ್ಪು ಸತ್ತ ಮರುವರ್ಷದ ಹೊತ್ತಿಗೆ ಎದ್ದ ಈ ಚರ್ಚನ್ನು ಇಂದಿಗೂ ಕಟ್ಟಿಸಿದ ಪಾದ್ರಿಯ ಹೆಸರಿನಿಂದಲೇ ಗುರುತಿಸುತ್ತಾರೆ. ಫ್ರಾನ್ಸಿನಿಂದ ಬಂದ ಜ್ಯಾಂ ಆಂತ್ವಾನ್ ದುಬ್ವಾ. ಇತಿಹಾಸದ ಪುಸ್ತಕಗಳಲ್ಲಿ ಅಬ್ಬೆ ದುಬ್ವಾ. ಇಲ್ಲಿನ ಜನರ ಬಾಯಲ್ಲಿ ದೊಡ್ಡಸ್ವಾಮಿಯವರು.

ಈಗ ಪ್ರತಿ ಬೇಸಿಗೆ ರಜೆಯಲ್ಲೂ ಅಮೆರಿಕ, ಯುರೋಪಿನ ಚರ್ಚುಗಳಿಂದ ಯುವಕ ಯುವತಿಯರ ತಂಡಗಳು ಉಗಾಂಡಾ, ಕೆನ್ಯಾ, ಮಲಾವಿಯ ಹಳ್ಳಿಗಳಿಗೆ ಹೊರಡುತ್ತವೆ. ಒಂದು ವಾರವೋ ಎರಡು ವಾರವೋ ಇದ್ದು, ಶಾಲೆಗೆ ಬಣ್ಣ ಬಳಿದು, ಮಕ್ಕಳೊಂದಿಗೆ ಹಾಡಿ, ಔಷಧಿ ಹಂಚಿ ಮರಳುತ್ತಾರೆ. ಇದರಿಂದ ಹಳ್ಳಿಗೆ ಆಗುವುದೇನು ಎಂಬ ಚರ್ಚೆ ಆ ದೇಶಗಳಲ್ಲೇ ಜೋರಾಗಿ ನಡೆದಿದೆ. ಆ ಚರ್ಚೆಯಲ್ಲಿ ನಮಗೂ ಒಂದು ಮಾತಿದೆ. ಯಾಕೆಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಈ ಸೀಮೆ ಒಂದು ಕಾಲಕ್ಕೆ ಸೇವೆ ಮಾಡಲು ದೂರದಿಂದ ಜನ ಬಂದ ಸೀಮೆ. ಬಂದವರು ಏನು ಕೊಟ್ಟರು, ಯಾರ ಕೈಗೆ ಕೊಟ್ಟರು, ನಮ್ಮ ಬಗ್ಗೆ ಏನು ಬರೆದುಕೊಂಡು ಹೋದರು ಎಂಬುದನ್ನು ಇಲ್ಲಿಂದ ನೋಡುವುದೇ ಬೇರೆ.

ದುಬ್ವಾ ಮೊದಲಿಗನಲ್ಲ. ಆತನಿಗಿಂತ ಒಂದೂವರೆ ಶತಮಾನ ಮುಂಚೆ, 1648ರಲ್ಲಿ, ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದಿದ್ದ. ಆಗ ಇಲ್ಲಿ ಆಳುತ್ತಿದ್ದವನು ಕಂಠೀರವ ನರಸರಾಜ ಒಡೆಯ. ಮಧುರೆಯಲ್ಲಿ ಇನ್ನೊಬ್ಬ ಜೆಸ್ವಿಟ್ ಪಾದ್ರಿ ರಾಬರ್ಟೊ ಡಿ ನೊಬಿಲಿ ಹಾಕಿಕೊಟ್ಟ ದಾರಿಯಲ್ಲೇ ನಡೆದ ಚಿನ್ನಾಮಿ, ಸನ್ಯಾಸಿಯ ವೇಷದಲ್ಲಿದ್ದು ಕನ್ನಡ ಕಲಿತ. ಕನ್ನಡಕ್ಕೊಂದು ವ್ಯಾಕರಣ, ಒಂದು ಶಬ್ದಕೋಶ ಬರೆದ. ಮೈಸೂರು ಮಿಶನ್ ಎಂದು ಮುಂದೆ ಹೆಸರಾದದ್ದು ಶುರುವಾದದ್ದು ಹೀಗೆ. 1773ರಲ್ಲಿ ಪೋಪರೇ ಜೆಸ್ವಿಟ್ ಸಂಘವನ್ನು ರದ್ದು ಮಾಡಿದಾಗ ಈ ಸೀಮೆಯ ಸಣ್ಣ ಕ್ರೈಸ್ತ ಸಮುದಾಯಕ್ಕೆ ಹೇಳುವವರು ಕೇಳುವವರು ಇಲ್ಲದಂತಾಯಿತು. ಮೇಲಿಂದ ಹೈದರನ ಯುದ್ಧಗಳು. 1771ರಲ್ಲಿ ಇದೇ ಪಾಂಡವಪುರ ತಾಲ್ಲೂಕಿನ ಚಿನಕುರಳಿಯಲ್ಲಿ ಮರಾಠರು ಹೈದರನನ್ನು ಸೋಲಿಸಿ ಮೇಲುಕೋಟೆಯನ್ನು ಕೊಳ್ಳೆ ಹೊಡೆದರು. ಇಲ್ಲಿನ ರೈತ ಬಿತ್ತಿದ್ದನ್ನು ಯಾರ ಕುದುರೆ ಮೇಯುತ್ತದೋ ತಿಳಿಯದ ಕಾಲ ಅದು. ಪಾಂಡವಪುರವನ್ನು ಬಹಳ ವರ್ಷ ಫ್ರೆಂಚ್ ರಾಕ್ಸ್ ಎಂದು ಕರೆಯುತ್ತಿದ್ದದ್ದೂ ಆ ಕಾಲದ ಗುರುತೇ. ಹೈದರ್ ಮತ್ತು ಟಿಪ್ಪುವಿನ ನೌಕರಿಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಅಲ್ಲಿನ ಬಂಡೆಗುಡ್ಡಗಳ ಬುಡದಲ್ಲಿ ಬೀಡು ಬಿಟ್ಟಿದ್ದರು.

1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆ ಹಿಡಿಸಿ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ತರಿಸಿದ. ಎಷ್ಟು ಮಂದಿ ಎಂಬುದರಲ್ಲಿ ಇತಿಹಾಸಕಾರರ ಲೆಕ್ಕ ಬೇರೆ ಬೇರೆ. ದಾರಿಯಲ್ಲೂ ಸೆರೆಯಲ್ಲೂ ಬಹಳ ಜನ ಸತ್ತರು ಎಂಬುದರಲ್ಲಿ ಭೇದವಿಲ್ಲ. ಬದುಕಿದವರಲ್ಲಿ ಅನೇಕರನ್ನು ಮತಾಂತರಿಸಲಾಯಿತು. 1799ರ ಮೇ 4ರಂದು ಕೋಟೆ ಬಿತ್ತು. ಸೆರೆಯಾಳುಗಳಲ್ಲಿ ಹಲವರು ಮಂಗಳೂರಿನ ಕಡೆ ಮರಳಿದರು. ಮೊದಲಿಂದ ಇಲ್ಲೇ ಇದ್ದ ಕನ್ನಡ, ತಮಿಳು ಮಾತಿನ ಕ್ರೈಸ್ತರು ಉಳಿದರು. ಲಕ್ಷದ ಮೇಲೆ ಜನರಿದ್ದ ರಾಜಧಾನಿಯಲ್ಲಿ ಮರುವರ್ಷ ಉಳಿದದ್ದು ಸುಮಾರು 32,000. ದರಬಾರು ಮೈಸೂರಿಗೆ ಹೋಯಿತು. ಗಂಜಾಂನ ನೇಕಾರ, ಕುಶಲಕರ್ಮಿಗಳಿಗೆ ಕೊಳ್ಳುವವರೇ ಇಲ್ಲ. ಇಂಥ ಊರಿನ ಕ್ರೈಸ್ತರು ತಾವಾಗಿಯೇ ಒಬ್ಬ ಪಾದ್ರಿಗಾಗಿ ಕೇಳಿಕೊಂಡರು. ಶ್ರೀರಂಗಪಟ್ಟಣದ ದಂಡನಾಯಕನಾಗಿದ್ದ ಆರ್ಥರ್ ವೆಲ್ಲೆಸ್ಲಿ ಒಪ್ಪಿದ. ದುಬ್ವಾ ಬಂದ.

ಕರೆದ ಮೇಲೆ ಬಂದವನು ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ಹಳ್ಳಿಗೆ ಏನು ಬೇಕೆಂದು ಹೊರಗೆ ಕುಳಿತವರೇ ತೀರ್ಮಾನಿಸಿ ಹೊರಟುಬಂದ ಸೇವೆಗೂ ಊರವರೇ ಕೇಳಿ ಕರೆಸಿಕೊಂಡ ಸೇವೆಗೂ ಮೊದಲ ಹೆಜ್ಜೆಯಲ್ಲೇ ವ್ಯತ್ಯಾಸವಿದೆ.

ಫ್ರಾನ್ಸಿನ ಆರ್ದೆಶ್ ಸೀಮೆಯ ದುಬ್ವಾ ಪಾದ್ರಿ ದೀಕ್ಷೆ ಪಡೆದದ್ದು 1792ರಲ್ಲಿ, ಕ್ರಾಂತಿಯ ಗದ್ದಲದ ನಡುವೆ. ಅದೇ ವರ್ಷ ಪ್ಯಾರಿಸ್ಸಿನ ಹೊರದೇಶ ಮಿಶನ್ ಸಂಘದ ಮೂಲಕ ಹಡಗು ಹತ್ತಿದ. ಪಾಂಡಿಚೇರಿಯ ಮಿಶನ್ನಿಗೆ ಸೇರಿ ಕೆಲವರ್ಷ ತಮಿಳು ಸೀಮೆಯ ಹಳ್ಳಿಗಳಲ್ಲಿ ಸುತ್ತಿದ. ಬಿಳಿಯರ ಸಹವಾಸ ಬಿಟ್ಟು, ಬಿಳಿ ನಿಲುವಂಗಿ, ತಲೆಗೆ ರುಮಾಲು, ಕೈಯಲ್ಲಿ ಬಿದಿರುಕೋಲು ಹಿಡಿದು ಊರವರ ಹಾಗೆಯೇ ಬದುಕಿದ. ಇಂಗ್ಲಿಷರಿಗೂ ಫ್ರೆಂಚರಿಗೂ ಯುರೋಪಿನಲ್ಲಿ ಯುದ್ಧ ನಡೆಯುತ್ತಿದ್ದಾಗ, ಇಂಗ್ಲಿಷರ ದಂಡಿದ್ದ ಊರಿನಲ್ಲಿ ಒಬ್ಬ ಫ್ರೆಂಚ್ ಪಾದ್ರಿ ನಂಬಿಕೆ ಗಳಿಸಿದ್ದು ಸಣ್ಣ ಮಾತಲ್ಲ.

ಬಂದವನ ಮುಂದಿದ್ದದ್ದು ಪೂಜೆ ಪ್ರಾರ್ಥನೆಯ ಪ್ರಶ್ನೆಗಿಂತ ಮೊದಲು ಹೊಟ್ಟೆಯ ಪ್ರಶ್ನೆ. ರಾಜಧಾನಿ ಸತ್ತರೆ ರಾಜಧಾನಿಯನ್ನು ನಂಬಿದ್ದ ಕಸುಬುಗಳೂ ಸಾಯುತ್ತವೆ. ಊರಲ್ಲಿ ದಿಕ್ಕಿಲ್ಲದ ಕುಟುಂಬಗಳಿಗೆ ದುಬ್ವಾ ಭೂಮಿ ಹುಡುಕಿದ. ಹಾಸನದ ಹತ್ತಿರದ ಸಾತಳ್ಳಿಯಲ್ಲಿ ಬೇಸಾಯದ ನೆಲೆ ಕಟ್ಟಿದ. ಶ್ರೀರಂಗಪಟ್ಟಣದಿಂದ ಪಾಂಡವಪುರ, ಚಿನಕುರಳಿ ದಾಟಿ, ಅಂದು ಅತ್ತಿಕುಪ್ಪೆ ಎಂದು ಕರೆಸಿಕೊಳ್ಳುತ್ತಿದ್ದ ಕೆ.ಆರ್. ಪೇಟೆ, ಕಿಕ್ಕೇರಿ, ಚನ್ನರಾಯಪಟ್ಟಣದ ಮೇಲೆ ಹಾಸನಕ್ಕೆ ಹೋಗುವ ದಾರಿ ಇಂದಿಗೂ ಇದೆ. ಎತ್ತಿನಗಾಡಿಯಲ್ಲಿ ಹಲವು ದಿನಗಳ ಪಯಣ. ಒಂದು ಸಲ ಅಕ್ಕಿ ರಾಗಿ ಹಂಚಿ ಕೈತೊಳೆದುಕೊಳ್ಳುವುದು ಸುಲಭವಿತ್ತು. ಉಳುವ ನೆಲ ಕೊಡಿಸಿದರೆ ಕೊಡಿಸಿದವನು ಹೋದ ಮೇಲೂ ಮನೆ ನಿಲ್ಲುತ್ತದೆ. ಸಾತಳ್ಳಿ ಇಂದಿಗೂ ಕ್ರೈಸ್ತ ರೈತರ ಊರು. ಅದೇ ಸೀಮೆಯ ಶೆಟ್ಟಿಹಳ್ಳಿಯ ಹಳೆಯ ಚರ್ಚು ಮಾತ್ರ ಹೇಮಾವತಿ ಜಲಾಶಯದ ನೀರಿಗೆ ಸಿಕ್ಕಿತು. ಮಳೆಗಾಲದಲ್ಲಿ ಅರ್ಧ ಮುಳುಗಿದ ಅದರ ಗೋಡೆಗಳ ಫೋಟೊ ನೋಡದವರಿಲ್ಲ. ಆ ನೀರಿಗಾಗಿ ಮನೆ ಹೊಲ ಬಿಟ್ಟವರ ಕಥೆ ಕೇಳಿದವರು ಮಾತ್ರ ಕಡಿಮೆ.

ಇನ್ನು ಸಿಡುಬಿನ ವಿಷಯ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ಮಂಡ್ಯ ಸೀಮೆಯ ಯಾವ ಊರಿಗೆ ಹೋದರೂ ಊರಾಚೆ ಒಂದು ಮಾರಮ್ಮನ ಗುಡಿ ಇರುತ್ತದೆ. ಸಿಡುಬು ಬಂದರೆ ಅದನ್ನು ರೋಗ ಅನ್ನುತ್ತಿರಲಿಲ್ಲ. ಮನೆಗೆ ಅಮ್ಮ ಬಂದಿದ್ದಾಳೆ ಅನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಒಗ್ಗರಣೆ ನಿಲ್ಲಿಸಿ, ಹೊರಗಿನವರನ್ನು ಒಳಗೆ ಬಿಡದೆ, ಮಗುವನ್ನು ಬೇವಿನ ಸೊಪ್ಪಿನ ಮೇಲೆ ಮಲಗಿಸುತ್ತಿದ್ದರು. ಅಮ್ಮ ತಣ್ಣಗಾದರೆ ಮೊಸರನ್ನದ ಎಡೆ, ತಂಬಿಟ್ಟಿನ ಆರತಿ. ಈ ನಡವಳಿಕೆಯನ್ನು ಬರಿಯ ಮೂಢನಂಬಿಕೆ ಎಂದು ತಳ್ಳಿಹಾಕುವವರೊಂದಿಗೆ ನನಗೆ ಒಪ್ಪಿಗೆಯಿಲ್ಲ. ಔಷಧಿಯೇ ಇಲ್ಲದ ರೋಗಕ್ಕೆ ರೋಗಿಯನ್ನು ಪ್ರತ್ಯೇಕವಾಗಿಟ್ಟು, ತಂಪು ಮಾಡಿ, ಅಸಹ್ಯಪಡದೆ ಪಕ್ಕದಲ್ಲಿ ಕೂತು ಆರೈಕೆ ಮಾಡುವ ಏರ್ಪಾಡು ಅದು. ಆದರೂ ಮಕ್ಕಳು ಸಾಯುತ್ತಿದ್ದವು. ಉಳಿದವರಲ್ಲಿ ಕಣ್ಣು ಕಳೆದುಕೊಂಡವರಿದ್ದರು, ಮುಖದ ತುಂಬ ಕುಳಿ ಬಿದ್ದು ಮದುವೆಯಾಗದೆ ಉಳಿದವರಿದ್ದರು.

ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ತೋರಿಸಿದ್ದು 1796ರಲ್ಲಿ. ಆ ದಾಕು, ಅಂದರೆ ಲಸಿಕೆ, ಬಾಗ್ದಾದು, ಬಸ್ರಾ ದಾಟಿ ಮುಂಬಯಿ ಮುಟ್ಟಿತು. 1802ರ ಜೂನ್ 14ರಂದು ಅಲ್ಲಿ ಮೂರು ವರ್ಷದ ಆನಾ ದಸ್ತಾಲ್ ಎಂಬ ಹುಡುಗಿಗೆ ಹಾಕಿದ್ದು ಭಾರತದ ಮೊದಲ ದಾಕು. ಆ ಮಗುವಿನ ತೋಳಿನಿಂದ ಇನ್ನಷ್ಟು ಮಕ್ಕಳಿಗೆ, ಅಲ್ಲಿಂದ ಹೈದರಾಬಾದು, ಮದರಾಸಿನ ಕಡೆಗೆ. ಶೀತಪೆಟ್ಟಿಗೆ ಇಲ್ಲದ ಕಾಲ. ದಾರಕ್ಕೆ ಅದ್ದಿ ಒಣಗಿಸಿದ, ಗಾಜಿನ ನಡುವೆ ಇಟ್ಟ ದ್ರವ ನಮ್ಮ ಬಿಸಿಲಿಗೆ ಸತ್ವ ಕಳೆದುಕೊಳ್ಳುತ್ತಿತ್ತು. ಹಾಗಾಗಿ ನಂಬಬಹುದಾದ ದಾರಿ ಒಂದೇ: ದಾಕು ಹಾಕಿಸಿಕೊಂಡ ಮಗುವಿನ ತೋಳಿನ ಗುಳ್ಳೆ ಎಂಟನೆಯ ದಿನದ ಹೊತ್ತಿಗೆ ತುಂಬಿದಾಗ, ಅದರ ನೀರನ್ನು ತೆಗೆದು ಮುಂದಿನ ಮಗುವಿನ ತೋಳಿಗೆ ಹಚ್ಚುವುದು. ಒಲೆ ಹೊತ್ತಿಸಲು ನೆರೆಮನೆಯಿಂದ ಕೆಂಡ ತರುವಂತೆ ಅದು ಮನೆಯಿಂದ ಮನೆಗೆ, ಊರಿಂದ ಊರಿಗೆ ಆರದಂತೆ ಸಾಗಬೇಕು. ಒಂದು ವಾರ ಹೊಸ ಮಗು ಸಿಗದಿದ್ದರೆ ಸರಪಳಿ ಕಡಿಯಿತು. ಮತ್ತೆ ದೂರದಿಂದ ತರಿಸಬೇಕು.

ಈ ಕೆಲಸಕ್ಕೆ ಏನೇನು ಬೇಕಿತ್ತು ಯೋಚಿಸಿ. ಚೆನ್ನಾಗಿರುವ ಮಗುವಿಗೆ ಗಾಯ ಮಾಡಲು ತಾಯಿ ಒಪ್ಪಬೇಕು. ಎಂಟು ದಿನವಾದ ಮೇಲೆ ಅದೇ ಮಗುವನ್ನು ಮತ್ತೆ ಕರೆತರಬೇಕು ಅಥವಾ ಪಕ್ಕದೂರಿಗೆ ಕಳಿಸಬೇಕು. ಒಂದು ಜಾತಿಯ ಮಗುವಿನ ಮೈಯ ನೀರು ಇನ್ನೊಂದು ಜಾತಿಯ ಮಗುವಿನ ಮೈಗೆ ಹೋಗುವುದಕ್ಕೆ ಮನೆಯ ಹಿರಿಯರು ತಲೆಯಾಡಿಸಬೇಕು. ಅಮ್ಮನಿಗೆ ಕೋಪ ಬರುತ್ತದೆ ಎಂಬ ಭಯ ಬೇರೆ. ಮದರಾಸಿನ ಸರ್ಕಾರಿ ಆಜ್ಞೆಯಿಂದ ಆಗುವ ಕೆಲಸವಲ್ಲ ಇದು. ಊರಿನ ಮಾತು ಬಲ್ಲ, ಯಾವ ಮನೆಯಲ್ಲಿ ಯಾರನ್ನು ಮೊದಲು ಮಾತಾಡಿಸಬೇಕೆಂದು ಗೊತ್ತಿರುವ ಜನ ಜಗಲಿಗೆ ಬಂದು ಕೂರಬೇಕು.

ದುಬ್ವಾ ಈ ಕೆಲಸವನ್ನು ಮೈಗೆ ಹಚ್ಚಿಕೊಂಡ. 1803–04ರ ಅವಧಿಯಲ್ಲಿ ಮೈಸೂರು ಸೀಮೆಯಲ್ಲಿ ದಾಕು ಹಾಕಿಸಿಕೊಂಡವರು 25 ಸಾವಿರಕ್ಕೂ ಹೆಚ್ಚು. ಅದೇ ಹೊತ್ತಿನಲ್ಲಿ ದಿವಾನ್ ಪೂರ್ಣಯ್ಯನವರ ಆಡಳಿತವೂ ಅರಮನೆಯೂ ಹೊಸ ವಿದ್ಯೆಯ ಪರವಾಗಿ ನಿಂತವು. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿಯರನ್ನು ಚಿತ್ರಕಾರ ಥಾಮಸ್ ಹಿಕ್ಕಿ 1805ರ ಸುಮಾರಿಗೆ ಬಿಡಿಸಿದ ಚಿತ್ರವೊಂದರಲ್ಲಿ, ರಾಣಿಯೊಬ್ಬಳು ಸೆರಗು ಸರಿಸಿ ತೋಳು ತೋರುವಂತೆ ನಿಂತಿದ್ದಾಳೆ. ಅದು ದಾಕಿನ ಪ್ರಚಾರಕ್ಕಾಗಿಯೇ ಇರಬೇಕೆಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ. ಇದೇ ಹಿಕ್ಕಿ 1820ರಲ್ಲಿ ದುಬ್ವಾನ ಚಿತ್ರವನ್ನೂ ಬಿಡಿಸಿದ. ಆ ಬಿಳಿ ಅಂಗಿ, ರುಮಾಲು, ಕೋಲು ನಮಗೆ ಗೊತ್ತಿರುವುದು ಅದರಿಂದಲೇ. ರಾಣಿಗೂ ಪಾದ್ರಿಗೂ ಹೀಗೆ ಚಿತ್ರಗಳು ಉಳಿದವು. ಎಂಟೆಂಟು ದಿನಕ್ಕೆ ಊರಿಂದೂರಿಗೆ ನಡೆದು, ಬೈಸಿಕೊಂಡು, ಮಕ್ಕಳನ್ನು ಒಟ್ಟುಮಾಡಿ ದಾಕು ಹಾಕಿದ ನಾಡಿನ ದಾಕಿನವರ ಒಂದು ಹೆಸರೂ ನಮ್ಮ ಶಾಲೆಯ ಪಾಠಗಳಲ್ಲಿ ಬರುವುದಿಲ್ಲ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಅಳಿಯಿತೆಂದು ಘೋಷಿಸುವವರೆಗೆ ನಡೆದ ಕೆಲಸ ನಿಂತದ್ದು ಇಂಥವರ ಕಾಲ ಮೇಲೆ.

ದುಬ್ವಾನ ಇನ್ನೊಂದು ಕೆಲಸಕ್ಕೆ ಬಂದರೆ ನನ್ನ ಗೌರವ ಕುಗ್ಗುತ್ತದೆ. ಇಲ್ಲಿದ್ದಾಗ ಆತ ಹಿಂದೂಗಳ ನಡೆ ನುಡಿ, ಆಚಾರಗಳ ಬಗ್ಗೆ ಫ್ರೆಂಚಿನಲ್ಲಿ ಒಂದು ದೊಡ್ಡ ಗ್ರಂಥ ಸಿದ್ಧಪಡಿಸಿದ. ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಮೆಚ್ಚಿ ಶಿಫಾರಸು ಮಾಡಿದ. ಮದರಾಸಿನ ಗವರ್ನರ್ ವಿಲಿಯಂ ಬೆಂಟಿಂಕ್ 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ 2,000 ವರಾಹಕ್ಕೆ ಹಸ್ತಪ್ರತಿ ಕೊಂಡ. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಮುಂದೆ ದುಬ್ವಾನೇ ತಿದ್ದಿ ಬೆಳೆಸಿದ ಪಾಠವನ್ನು ಬೋಶಾಂ ಎಂಬ ಸಂಪಾದಕ 1897ರಲ್ಲಿ ಹೊರತಂದ. ಭಾರತದಲ್ಲಿ ಕೆಲಸಕ್ಕೆ ಬರುವ ಇಂಗ್ಲಿಷ್ ಅಧಿಕಾರಿಗಳು ತಲೆಮಾರುಗಳವರೆಗೆ ಅದನ್ನು ಓದಿಕೊಂಡು ಬಂದರು. ಆ ಗ್ರಂಥದ ಬಹುಭಾಗಕ್ಕೆ 18ನೆಯ ಶತಮಾನದ ಜೆಸ್ವಿಟ್ ಪಾದ್ರಿ ಕೂರ್ದೂ ಬರೆದಿಟ್ಟದ್ದೇ ಮೂಲವೆಂದು ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮ್ಯೂರ್ 1987ರಲ್ಲಿ ಸಾಕ್ಷ್ಯ ಸಮೇತ ತೋರಿಸಿದರು. ಕಣ್ಣಾರೆ ಕಂಡೆ ಎಂಬ ಮಾತಿನ ಹಿಂದೆ ಇನ್ನೊಬ್ಬನ ಕಾಗದಗಳಿದ್ದವು.

ಎರವಲಿಗಿಂತ ಹೆಚ್ಚು ನೋಯಿಸುವುದು ಅದರ ದನಿ. ಜಾತಿಪದ್ಧತಿ ಹಿಂದೂ ಶಾಸನಕಾರರ ಅತ್ಯುತ್ತಮ ಸೃಷ್ಟಿ ಎಂದು ಬಗೆದ ಆತ, ಹೊಲಗೇರಿಯ ಜನರ ಬಗ್ಗೆ ಬರೆಯುವಾಗ ತಿರಸ್ಕಾರವನ್ನು ಮುಚ್ಚಿಡುವುದಿಲ್ಲ. ಯಾರ ಮಕ್ಕಳ ತೋಳು ಹಿಡಿದು ಪ್ರಾಣ ಉಳಿಸಲು ದುಡಿದನೋ ಅದೇ ಜನರ ಬಗ್ಗೆ ಹೀಗೆ ಬರೆದ. ಎರಡೂ ಒಬ್ಬನದೇ ಕೈ. ಒಂದಕ್ಕಾಗಿ ಇನ್ನೊಂದನ್ನು ಮರೆಯಲು ನನಗೆ ಮನಸ್ಸಿಲ್ಲ. ಸೇವೆ ಮಾಡಿದವನಿಗೆ, ಸೇವೆ ಪಡೆದವರ ಬಗ್ಗೆ ತೋಚಿದ್ದನ್ನು ಬರೆಯುವ ಹಕ್ಕು ಅದರ ಜೊತೆಯಲ್ಲೇ ಬರುವುದಿಲ್ಲ.

1823ರ ಜನವರಿಯಲ್ಲಿ ದುಬ್ವಾ ಭಾರತ ಬಿಟ್ಟ. ಮತ್ತೆ ಬರಲಿಲ್ಲ. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ಪತ್ರಗಳಲ್ಲಿ ಒಂದು ಲೆಕ್ಕ ಒಪ್ಪಿಸಿದ: 25 ವರ್ಷದ ದುಡಿಮೆಯಲ್ಲಿ, ಒಬ್ಬ ದೇಶೀಯ ಪಾದ್ರಿಯ ಸಹಾಯವಿದ್ದೂ, ಹೊಸದಾಗಿ ಕ್ರೈಸ್ತರಾದವರು 200ರಿಂದ 300 ಮಂದಿ, ಅವರಲ್ಲೂ ಬಹುಪಾಲು ಬೇರೆ ಗತಿಯಿಲ್ಲದೆ ಬಂದವರು. ಈ ದೇಶದಲ್ಲಿ ಮತಪ್ರಚಾರ ಸಾಗುವುದಿಲ್ಲ ಎಂಬುದು ಆತನ ತೀರ್ಮಾನ. ಯುರೋಪಿನ ಮಿಶನ್ ಸಂಘಗಳು ಉರಿದುಬಿದ್ದವು. ಜೇಮ್ಸ್ ಹೌ, ಹೆನ್ರಿ ಟೌನ್ಲಿ 1824ರಲ್ಲಿ ಉತ್ತರವಾಗಿ ಪುಸ್ತಕಗಳನ್ನೇ ಬರೆದರು. ಚಂದಾ ಎತ್ತಿ ದೂರದೇಶಕ್ಕೆ ಸೇವೆಗೆ ಕಳಿಸುವವರು ಗೆಲುವಿನ ವರದಿಯನ್ನೇ ಕಾಯುತ್ತಿರುತ್ತಾರೆ; ಸೋಲನ್ನು ಅಚ್ಚು ಹಾಕಿಸಲು ಧೈರ್ಯ ಬೇಕು. ಆ ಧೈರ್ಯವನ್ನು ಮೆಚ್ಚುತ್ತೇನೆ. ಆದರೆ ಆ ಲೆಕ್ಕದಲ್ಲೂ ಸಹಾಯಕ ಪಾದ್ರಿಗೆ ಹೆಸರಿಲ್ಲ.

ಆಫ್ರಿಕಾದ ಹಳ್ಳಿಗಳಿಂದ ಇಂದು ಬರುವ ಚಿತ್ರಗಳಲ್ಲೂ ಹೀಗೆಯೇ ಆಗುತ್ತಿದೆ. ನಡುವೆ ನಿಂತ ಸ್ವಯಂಸೇವಕಿಗೆ ಹೆಸರಿದೆ, ಊರಿದೆ, ಓದುತ್ತಿರುವ ಕಾಲೇಜಿದೆ. ಸುತ್ತ ನಿಂತ ಮಕ್ಕಳು ಬರಿಯ ಮಕ್ಕಳು. ಉಗಾಂಡಾದ ಜಿಂಜಾದಲ್ಲಿ ವೈದ್ಯಶಿಕ್ಷಣವಿಲ್ಲದ ಅಮೆರಿಕದ ಯುವತಿಯೊಬ್ಬಳು ದೇವರ ಕರೆ ಎಂದು ನಂಬಿ, ಅಪೌಷ್ಟಿಕತೆಯಿಂದ ಬಳಲುವ ಮಕ್ಕಳಿಗಾಗಿ ಕೇಂದ್ರ ನಡೆಸಿದಳು. ಅಲ್ಲಿ ಮಕ್ಕಳು ಸತ್ತವು. 2019ರಲ್ಲಿ ಇಬ್ಬರು ತಾಯಂದಿರು ಅಲ್ಲಿನ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಮರುವರ್ಷ ಪರಿಹಾರ ಕೊಟ್ಟು ರಾಜಿಯಾಯಿತು. ಆ ಊರಿನಲ್ಲೇ ಓದಿದ ದಾದಿಯರಿದ್ದರು, ಸರ್ಕಾರಿ ಆಸ್ಪತ್ರೆ ಇತ್ತು. ಹೊರಗಿನಿಂದ ಬಂದ ಹಣಕ್ಕೂ ನಂಬಿಕೆಗೂ ಅವರು ಕಾಣಲಿಲ್ಲ. 1913ರಲ್ಲಿ ಗಬಾನಿನ ಲಂಬರೆನೆಗೆ ಹೋಗಿ ಅಲ್ಲೇ 1965ರಲ್ಲಿ ಮಣ್ಣಾದ ಆಲ್ಬರ್ಟ್ ಶ್ವೈಟ್ಜರ್ ನಮ್ಮ ಪಠ್ಯಗಳಲ್ಲೂ ಬಂದ ಮಹಾನುಭಾವ. ವೈದ್ಯವಿದ್ಯೆ ಕಲಿತೇ ಹೋದ, ಜೀವಮಾನವಿಡೀ ಆ ಕೆಲಸಕ್ಕೇ ಉಳಿದ. ಆದರೂ ಆಫ್ರಿಕನ್ನರನ್ನು ಸರಿಸಮವಾಗಿ ಕಾಣಲಿಲ್ಲವೆಂಬ ಟೀಕೆಯನ್ನು ಆತನ ಕೊನೆಗಾಲದಲ್ಲೇ ಆಫ್ರಿಕಾದವರು ಎತ್ತಿದರು. ಉಳಿಯುವುದು ದೊಡ್ಡದು, ಉಳಿದ ಮಾತ್ರಕ್ಕೆ ಮುಗಿಯಲಿಲ್ಲ.

ಈಗ ದಾರಿ ತಿರುಗಿದೆ ಎಂಬುದೂ ನಿಜ. ಮಂಗಳೂರಿನಲ್ಲಿ ಬೇರೂರಿದ ಅಪೊಸ್ತಲಿಕ್ ಕಾರ್ಮೆಲ್ ಸಂಸ್ಥೆಯ ಸೋದರಿಯರು ಕೆನ್ಯಾದಲ್ಲಿ ಕೆಲಸ ಮಾಡುತ್ತಿದ್ದಾರೆ. ಕರ್ನಾಟಕದ ಹಳ್ಳಿಗಳಿಂದ ಹೋದ ಇಂಥವರು ಅಲ್ಲಿ ಹೊರಗಿನವರು. ನಮ್ಮ ಅಜ್ಜಿಯರು ದೊಡ್ಡಸ್ವಾಮಿಯನ್ನು ನೋಡಿದ ಕಣ್ಣಿನಿಂದಲೇ ಅಲ್ಲಿನ ಅಜ್ಜಿಯರು ಇವರನ್ನು ನೋಡುತ್ತಾರೆ. ಎರಡೂ ಬದಿ ಬಲ್ಲವರು ಇವರು. ಅವರ ಅನುಭವ ಕನ್ನಡದಲ್ಲಿ ಬರಬೇಕು.

ಮಂಡ್ಯದ ಕಡೆಯವರಿಗೆ ಮಿಶನ್ ಆಸ್ಪತ್ರೆ ಎಂದರೆ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ. ವೆಸ್ಲಿಯನ್ ಮಿಶನ್ 1906ರಲ್ಲಿ ಹೆಂಗಸರು ಮಕ್ಕಳಿಗಾಗಿ ತೆರೆದದ್ದು. ಬಂದ ಇಂಗ್ಲಿಷ್ ವೈದ್ಯೆಯರು ಇಲ್ಲಿನ ಹುಡುಗಿಯರಿಗೆ ದಾದಿಯರ ವಿದ್ಯೆ ಕಲಿಸಿದರು, ಆಸ್ಪತ್ರೆಯನ್ನು ಇಲ್ಲಿನವರಿಗೇ ಬಿಟ್ಟು ಹೊರಟರು. ಅದು ಇಂದಿಗೂ ನಡೆಯುತ್ತಿದೆ. ನಾಗಮಂಗಲದ ತಾಯಿಗೆ ಇವತ್ತು ಹೆರಿಗೆಗೆ ಆದಿಚುಂಚನಗಿರಿಯ ವೈದ್ಯಕೀಯ ಕಾಲೇಜು ಹತ್ತಿರ, ಕೆ.ಆರ್. ಪೇಟೆಯವಳಿಗೆ ತಾಲ್ಲೂಕು ಆಸ್ಪತ್ರೆ, ಆಶಾ ಕಾರ್ಯಕರ್ತೆ. ಮಗುವಿನ ಲಸಿಕೆಯ ದಿನ ತಪ್ಪದಂತೆ ಮನೆ ಬಾಗಿಲಿಗೆ ಬಂದು ಜ್ಞಾಪಿಸುವ ಆ ಹೆಣ್ಣುಮಗಳು ಮಾಡುತ್ತಿರುವುದು ಹಳೆಯ ದಾಕಿನವರ ಕೆಲಸವನ್ನೇ. ಊರಿನವಳೇ ಆದ್ದರಿಂದ ಅವಳ ಮಾತು ನಡೆಯುತ್ತದೆ. ಸರಿಯಾದ ಸಂಬಳಕ್ಕಾಗಿ ಅವಳು ಬೆಂಗಳೂರಿನ ರಸ್ತೆಯಲ್ಲಿ ಧರಣಿ ಕೂರಬೇಕಾಗಿರುವುದು ನಾಚಿಕೆಗೇಡು.

ದಾಕಿನವರ ಹೆಸರುಗಳನ್ನು ಹುಡುಕುವ ಕೆಲಸ ಮಂಡ್ಯ, ಮೈಸೂರಿನ ಇತಿಹಾಸ ವಿಭಾಗಗಳಿಗೆ ಸೇರಿದ್ದು. ಮದರಾಸು ಸರ್ಕಾರದ ಹಳೆಯ ಕಡತಗಳು ಚೆನ್ನೈನ ಎಗ್ಮೋರ್‌ನ ಪತ್ರಾಗಾರದಲ್ಲಿವೆ. ದುಬ್ವಾನ ಸಂಘದ ಪತ್ರಗಳು ಪ್ಯಾರಿಸ್ಸಿನ ರ‍್ಯೂ ದು ಬಾಕ್ ಬೀದಿಯ ಅದೇ ಹಳೆಯ ಕಟ್ಟಡದಲ್ಲಿವೆ. 1836ರಿಂದ 1839ರವರೆಗೆ ಆತ ಸಂಘದ ಮುಖ್ಯಸ್ಥನಾಗಿದ್ದದ್ದು ಅಲ್ಲೇ, 1848ರಲ್ಲಿ ತೀರಿಕೊಂಡದ್ದೂ ಪ್ಯಾರಿಸ್ಸಿನಲ್ಲೇ. ಸಂಬಳ ಕೊಟ್ಟ ಕಡೆ ಪಟ್ಟಿ ಇರುತ್ತದೆ, ಪಟ್ಟಿಯಲ್ಲಿ ಹೆಸರಿರುತ್ತದೆ. ಫ್ರೆಂಚ್ ಮತ್ತು ತಮಿಳು ಬಲ್ಲ ಒಬ್ಬ ಕನ್ನಡ ಸಂಶೋಧಕನೋ ಸಂಶೋಧಕಿಯೋ ಒಂದೆರಡು ವರ್ಷ ಕೂತರೆ, ಗಂಜಾಂನ ಚರ್ಚಿನ ಪಕ್ಕದಲ್ಲಿ ನೆಡಬೇಕಾದ ಒಂದು ಫಲಕಕ್ಕೆ ಬೇಕಾದಷ್ಟು ಹೆಸರು ಸಿಗಬಹುದು.